ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಮಾನ ಅವಕಾಶ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಾ, ಅದರ ಜೊತೆಗೆ ಸಮಾನ ಅವಕಾಶ ಘಟಕದ ಕೆಲಸವನ್ನೂ ಕೆಲವು ವರ್ಷ ನೋಡಿಕೊಂಡೆ. ಮೀಸಲಾತಿ, ತಾರತಮ್ಯದಂಥ ವಿಷಯಕ್ಕೆ ವಿದ್ಯಾರ್ಥಿಗಳು ಬರುವ ಕಚೇರಿ ಅದು. ಘಟಕ ಅಂದರೆ ದೊಡ್ಡದೇನಲ್ಲ. ಒಂದು ಮೇಜು, ಎರಡು ಕುರ್ಚಿ, ಬೀಗ ಸರಿಯಾಗಿ ಬೀಳದ ಒಂದು ಬೀರು. ಅಲ್ಲಿಗೆ ಬಂದವರು, ಪತ್ರ ಬರೆದವರು, ಕ್ಯಾಂಟೀನಿನಲ್ಲಿ ಹಿಡಿದು ನಿಲ್ಲಿಸಿದವರು ಕೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಲ್ಲೇ ಬಿಟ್ಟಿದ್ದೇನೆ. ಸೀಟಿನ ಲೆಕ್ಕ ಆಗಾಗ ಬದಲಾಗುತ್ತದೆ, ಕೋರ್ಟಿಗೂ ಹೋಗುತ್ತದೆ. ಅರ್ಜಿ ಹಾಕುವಾಗ ಆ ವರ್ಷದ ಪ್ರವೇಶ ಕೈಪಿಡಿಯನ್ನೇ ನಂಬಿ, ನನ್ನನ್ನಲ್ಲ.

## ಮೊದಲ ಪಾಠಗಳು

"ಎಲ್ಲರಿಗೂ ಒಂದೇ ರೂಲ್ಸು ಅಂದ್ಮೇಲೆ ಸಮಾನತೆ ಬಂತಲ್ವಾ ಮೇಡಂ? ಇನ್ನೇನು ಬೇಕು?"

ಒಂದು ಉದಾಹರಣೆ ಹೇಳುತ್ತೇನೆ. ಪರೀಕ್ಷೆ ಫೀಸು ಕಟ್ಟಲು ಶುಕ್ರವಾರ ಸಂಜೆ 5 ಗಂಟೆ ಕೊನೆ. ರೂಲ್ಸು ಎಲ್ಲರಿಗೂ ಒಂದೇ. ಒಬ್ಬ ಹುಡುಗಿಯ ಅಪ್ಪ ಫೋನಿನಲ್ಲೇ ಎರಡು ನಿಮಿಷದಲ್ಲಿ ಕಟ್ಟಿದರು. ಇನ್ನೊಬ್ಬಳ ವಿದ್ಯಾರ್ಥಿವೇತನ ಮಂಜೂರಾಗಿದೆ, ಖಾತೆಗೆ ಮಾತ್ರ ಬಂದಿಲ್ಲ. ಅವಳ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಬೇಕು, ಸಂಘದ ಸಭೆ ಇರುವುದು ಭಾನುವಾರ. ಸೋಮವಾರ ಅವಳು ದಂಡ ಸೇರಿಸಿ ಕಟ್ಟಿದಳು. ಅಂದರೆ ಕೈಯಲ್ಲಿ ದುಡ್ಡಿಲ್ಲದವಳೇ ಜಾಸ್ತಿ ಕಟ್ಟಿದಳು!

ವಿದ್ಯಾರ್ಥಿವೇತನ ಮಂಜೂರಾದವರಿಗೆ ಹಣ ಬರುವ ತನಕ ದಂಡ ಇಲ್ಲ ಅಂತ ಒಂದು ಸಾಲಿನ ಆದೇಶ ಹೊರಡಿಸಿದರೆ ಸಾಕು. ಯಾರ ಸೀಟೂ ಹೋಗುವುದಿಲ್ಲ, ಯಾರ ಮಾರ್ಕ್ಸೂ ಕಡಿಮೆಯಾಗುವುದಿಲ್ಲ. ಈ ಪುಟದಲ್ಲಿ ನಾನು ಹೇಳುವ ಸಮಾನತೆ ಹೆಚ್ಚಾಗಿ ಇಂಥದ್ದು. ಭಾಷಣದ್ದಲ್ಲ, ಗುಮಾಸ್ತರ ಮೇಜಿನ ಮೇಲಿನದ್ದು.

"ಜಿಎಂ ಅಂದ್ರೆ ಮುಂದುವರಿದವರ ಕೋಟಾ ತಾನೆ?"

ಅಲ್ಲ. ಜಿಎಂ ಅಂದರೆ ಜನರಲ್ ಮೆರಿಟ್, ಆ ಸೀಟು ಎಲ್ಲರಿಗೂ ತೆರೆದದ್ದು. ಪರಿಶಿಷ್ಟ ಜಾತಿಯ ಹುಡುಗ ಒಳ್ಳೆ ರ‍್ಯಾಂಕ್ ತಂದು ಜಿಎಂ ಪಟ್ಟಿಯಲ್ಲೇ ಬಂದರೆ ಅವನನ್ನು ಅಲ್ಲೇ ಲೆಕ್ಕ ಹಿಡಿಯಬೇಕು, ಎಸ್‌ಸಿ ಸೀಟಿಗೆ ತಳ್ಳಬಾರದು. ಇದೊಂದನ್ನು ನಾನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಮೇಷ್ಟ್ರುಗಳಿಗೆ ಸ್ವಲ್ಪ ಟೈಮು ಬೇಕು.

"ಕರ್ನಾಟಕದಲ್ಲಿ ಯಾರಿಗೆ ಎಷ್ಟು ಪರ್ಸೆಂಟು? ಗ್ರಾಮೀಣ, ಕನ್ನಡ ಮಾಧ್ಯಮ ಅಂತೆಲ್ಲ ಬೇರೆ ಇದ್ಯಲ್ಲ, ಅದೆಲ್ಲಿ ಸೇರುತ್ತೆ?"

2022ರಲ್ಲಿ ರಾಜ್ಯ ಸರ್ಕಾರ ಎಸ್‌ಸಿ ಪಾಲನ್ನು 15ರಿಂದ 17ಕ್ಕೆ, ಎಸ್‌ಟಿ ಪಾಲನ್ನು 3ರಿಂದ 7ಕ್ಕೆ ಏರಿಸಿತು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಒಟ್ಟು ಶೇ. 56. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಕೇಂದ್ರದ ಲೆಕ್ಕ ನಡೆಯುತ್ತದೆ: ಎಸ್‌ಸಿ 15, ಎಸ್‌ಟಿ 7.5, ಒಬಿಸಿ ಅಂದರೆ ಇತರ ಹಿಂದುಳಿದ ವರ್ಗಗಳಿಗೆ 27, ಆರ್ಥಿಕವಾಗಿ ಹಿಂದುಳಿದವರಿಗೆ 10.

ಇನ್ನು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ. ಮಗ್ಗದಲ್ಲಿ ಹಾಸು ಹೊಕ್ಕು ಇರುತ್ತದಲ್ಲ, ಹಾಗೆ ಯೋಚಿಸಿ. ಮೇಲೆ ಹೇಳಿದ್ದೆಲ್ಲ ಉದ್ದಕ್ಕೆ ಹಾಕಿದ ಹಾಸು. ಗ್ರಾಮೀಣ, ಕನ್ನಡ ಮಾಧ್ಯಮ, ಅಂಗವಿಕಲರ ಮೀಸಲು ಅಡ್ಡ ಹೋಗುವ ಹೊಕ್ಕು. ಹೊಕ್ಕಿಗೆ ಅಂತ ಬೇರೆ ಸೀಟಿನ ರಾಶಿ ಇಲ್ಲ. 2ಎ ಸೀಟುಗಳ ಒಳಗೇ ಒಂದಷ್ಟು ಗ್ರಾಮೀಣ, ಜಿಎಂ ಒಳಗೇ ಒಂದಷ್ಟು ಗ್ರಾಮೀಣ. ಸಿಇಟಿಯಲ್ಲಿ ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದನ್ನು ನೋಡುತ್ತಾರೆ. ಪಿಯುಸಿ ಮಾತ್ರ ಹಳ್ಳಿಯಲ್ಲಿ ಓದಿದರೆ ಆಗದು.

ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371ಜೆ ವಿಧಿಯ ಮೀಸಲು ಇದೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದದ್ದು. ಆ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8.

"ಈ ಮೀಸಲಾತಿ ಎಲ್ಲ ಮಂಡಲ್ ಬಂದಮೇಲೆ ಶುರುವಾದ ರಾಜಕೀಯ ಅಲ್ವಾ?"

ಮಂಡಲ್ ಆಯೋಗದ ವರದಿಯಂತೆ ಕೇಂದ್ರ ಸರ್ಕಾರ ಹಿಂದುಳಿದ ವರ್ಗಗಳಿಗೆ ಮೀಸಲು ಘೋಷಿಸಿದ್ದು 1990ರಲ್ಲಿ. ನಮ್ಮ ಕಡೆ ಇದು ಅದಕ್ಕಿಂತ ಏಳು ದಶಕ ಹಳೆಯದು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿತು. ಸರ್ಕಾರಿ ಕೆಲಸದಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ, ಉಳಿದವರಿಗೆ ದಾರಿ ಏನು ಅನ್ನುವುದು ಪ್ರಶ್ನೆ. ವರದಿ 1919ರಲ್ಲಿ ಬಂತು, 1921ರಲ್ಲಿ ಆದೇಶವಾಯಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ನಡೆಯುವ ಮೆರಿಟ್ ಜಗಳ ನೂರು ವರ್ಷದ ಹಿಂದೆ ಅರಮನೆಯಲ್ಲೇ ನಡೆದಿತ್ತು ಅನ್ನಿ.

ಮೀಸಲು ಶೇ. 50 ದಾಟಬಾರದು ಅನ್ನುವ ಮಾತೂ ನಮ್ಮ ಸೀಟುಗಳಿಂದಲೇ ಹುಟ್ಟಿದ್ದು. ಆಗಿನ ಮೈಸೂರು ರಾಜ್ಯ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ. 68 ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ದೇವರಾಜ ಅರಸು ಕಾಲದಲ್ಲಿ ಎಲ್.ಜಿ. ಹಾವನೂರು ಆಯೋಗ. 1972ರಲ್ಲಿ ನೇಮಕ, 1975ರಲ್ಲಿ ವರದಿ. ಮಂಡಲ್ ಆಯೋಗ ಆಗಿನ್ನೂ ಹುಟ್ಟೇ ಇರಲಿಲ್ಲ.

## ಗೇಟು ದಾಟಿದ ಮೇಲೆ

"ಸೀಟೂ ಸಿಕ್ತು, ಹಾಸ್ಟೆಲ್ಲೂ ಸಿಕ್ತು. ಆದ್ರೂ ನನ್ನ ಮಗ ದಸರಾ ರಜಕ್ಕೆ ಬಂದವನು ವಾಪಸ್ ಹೋಗಲ್ಲ ಅಂತಾನೆ. ಏನಾಗಿರ್ಬಹುದು ಮೇಡಂ?"

ಈ ಪ್ರಶ್ನೆ ಕೇಳಿದ ತಂದೆ ಮೇಜಿನ ಮೇಲೆ ಮಗನ ಅಂಕಪಟ್ಟಿ ಇಟ್ಟರು. ಲ್ಯಾಮಿನೇಶನ್ ಮಾಡಿಸಿದ್ದರು. ಓದಿನಲ್ಲಿ ಹಿಂದೆ ಬಿದ್ದವನಲ್ಲ ಹುಡುಗ.

ಕರೆಸಿ ಮಾತಾಡಿದೆ. ಕಲಬುರಗಿ ಕಡೆಯ ಹುಡುಗ, ದಕ್ಷಿಣದ ಕ್ಯಾಂಪಸ್ಸು. ಮೊದಲ ವಾರ ಕ್ಲಾಸಿನಲ್ಲಿ ಏನೋ ಕೇಳಿದಾಗ "ನನಗ ತಿಳಿಲಿಲ್ರಿ" ಅಂದನಂತೆ. ಇಡೀ ಕ್ಲಾಸು ನಕ್ಕಿತು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ, ಸುಮ್ನೆ ನಕ್ಕರು. ಮೇಷ್ಟ್ರೂ ನಕ್ಕರು. ಅಂದಿನಿಂದ ಇವನು ಬಾಯಿ ಬಿಟ್ಟಿಲ್ಲ. ಗೊತ್ತಿದ್ದ ಉತ್ತರಕ್ಕೂ ಕೈ ಎತ್ತಿಲ್ಲ. ಸೆಮಿನಾರ್ ಕೊಡುವ ದಿನ ಜ್ವರ ಅಂತ ರಜೆ ಹಾಕಿದ, ಅದಕ್ಕೆ ಇಂಟರ್ನಲ್ಸ್‌ನಲ್ಲಿ ಸೊನ್ನೆ ಬಿತ್ತು. ಜೊತೆಗೆ ವಿದ್ಯಾರ್ಥಿವೇತನ ತಡ. ರೂಮಿನವರು ಹೊರಗೆ ಊಟಕ್ಕೆ ಕರೆದಾಗ ಹಸಿವಿಲ್ಲ ಅನ್ನುತ್ತಿದ್ದ. ಎರಡು ತಿಂಗಳಾದ ಮೇಲೆ ಅವರೂ ಕರೆಯುವುದು ಬಿಟ್ಟರು.

ಇದರಲ್ಲಿ ಯಾವುದೂ ದೂರು ಕೊಡುವಂಥದ್ದಲ್ಲ. ಆದರೆ ಎಲ್ಲ ಸೇರಿ ಒಬ್ಬ ಹುಡುಗನನ್ನು ಬಸ್ ಹತ್ತಿಸಿ ಮನೆಗೆ ಕಳಿಸಿಬಿಡುತ್ತದೆ. ನಾವು ಮಾಡಿದ್ದು ಇಷ್ಟು: ಸೆಮಿನಾರ್ ಇನ್ನೊಂದು ದಿನ ಕೊಡಿಸಿದೆವು, ಅದೇ ಊರಿನ ಕಡೆಯ ಎರಡನೇ ವರ್ಷದ ಹುಡುಗನೊಬ್ಬನನ್ನು ಪರಿಚಯ ಮಾಡಿಸಿದೆವು. ಆ ಮೇಷ್ಟ್ರ ಹತ್ತಿರ ನಾನೊಬ್ಬಳೇ ಹೋಗಿ ಮಾತಾಡಿದೆ. ಪಾಪ, ಅವರಿಗೆ ನೆನಪೇ ಇರಲಿಲ್ಲ. ನಕ್ಕವರಿಗೆ ನೆನಪಿರಲ್ಲ ನೋಡಿ.

ನಿಮ್ಮ ಮಗನದ್ದೂ ಹೀಗೇ ಇರಬಹುದು, ಬೇರೆಯೂ ಇರಬಹುದು. ಬೈಯುವ ಮೊದಲು ಕ್ಲಾಸಿನಲ್ಲಿ ಯಾರ ಪಕ್ಕ ಕೂರುತ್ತೀಯ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಫೋನು ಮಾಡಿ.

"ಒಂದರಿಂದ ಪಿಯುಸಿ ತನಕ ಕನ್ನಡ ಮೀಡಿಯಂ. ಈಗ ಪಿಜಿ ಕ್ಲಾಸಲ್ಲಿ ಒಂದಕ್ಷರ ತಲೆಗೆ ಹೋಗ್ತಿಲ್ಲ. ಏನ್ ಮಾಡ್ಲಿ?"

ಮೊದಲು ನಿಮ್ಮ ಕೋರ್ಸಿನಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾ ಅಂತ ಕೇಳಿ. ಸಮಾಜ ವಿಜ್ಞಾನ, ವಾಣಿಜ್ಯದ ಎಷ್ಟೋ ಕೋರ್ಸುಗಳಲ್ಲಿ ಅವಕಾಶ ಇರುತ್ತದೆ, ಯಾರೂ ಹೇಳಿರುವುದಿಲ್ಲ. ಬಾಯಿಮಾತಿಗೆ ಬಿಡಬೇಡಿ, ಪರೀಕ್ಷಾ ವಿಭಾಗದಲ್ಲಿ ಖಚಿತ ಮಾಡಿಕೊಳ್ಳಿ. ಅವಕಾಶ ಇಲ್ಲದಿದ್ದರೆ ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ ತನ್ನಿ. ಅದರಲ್ಲಿ ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದ ಒಂದು ವಿಷಯಕ್ಕೆ ನೂರೋ ನೂರೈವತ್ತೋ ಇರುತ್ತವೆ. ಅವು ಗಟ್ಟಿಯಾದರೆ ಪಾಠದ ಅರ್ಧ ಮಂಜು ಕರಗುತ್ತದೆ.

ಮೇಷ್ಟ್ರುಗಳಿಗೂ ಒಂದು ಮಾತು. ಬೋರ್ಡಿನ ಎಡಗಡೆ ಒಂದು ಗೆರೆ ಎಳೆದು ಆ ದಿನದ ಹೊಸ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಯಿರಿ. ಇದಕ್ಕೆ ಬಜೆಟ್ ಬೇಡ, ಸಿಂಡಿಕೇಟ್ ಒಪ್ಪಿಗೆಯೂ ಬೇಡ.

"ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಜಾತಿ ಹಿಡಿದು ಬೈಯಲ್ಲ. ಇಲ್ಲದ ಸಮಸ್ಯೆನ ನೀವೇ ಹುಟ್ಟು ಹಾಕ್ತಿದ್ದೀರ ಅನಿಸಲ್ವಾ?"

ಸಹೋದ್ಯೋಗಿಯೊಬ್ಬರು ಕೇಳಿದ್ದು. ಬೈಯುವವರು ಕಡಿಮೆ, ನಿಜ. ಕೇಳುವವರು ಜಾಸ್ತಿ. "ಯಾವ ಊರು? ಊರಲ್ಲಿ ಯಾವ ಕಡೆ? ಮನೆದೇವರು ಯಾವುದು? ಮನೇಲಿ ನಾನ್‌ವೆಜ್ ಮಾಡ್ತೀರಾ?" ಮೂರನೇ ಪ್ರಶ್ನೆಗೆ ಎದುರಿನವನಿಗೆ ಗೊತ್ತಾಗಿಬಿಡುತ್ತದೆ, ತನ್ನನ್ನು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದಾರೆ ಅಂತ.

ಕ್ಲಾಸಿನೊಳಗೂ ಇದೆ. ವಿದ್ಯಾರ್ಥಿವೇತನದ ಫಾರಂ ಬಂದ ದಿನ "ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ" ಅನ್ನುವುದು. ಹೆಸರಿನ ಮುಂದೆ ವರ್ಗ ಬರೆದು ಪಟ್ಟಿ ಅಂಟಿಸುವುದು. ಲ್ಯಾಬಿನಲ್ಲಿ ಒಬ್ಬನಿಗೆ ಮಾತ್ರ ಬಾಟಲಿ ತೊಳೆಯುವ ಕೆಲಸ. ಕ್ಲಾಸಿನಲ್ಲಿ ಜಾತಿ ಕೂಗಿ ಹೇಳುವುದು, ಮೀಸಲಾತಿಯವರು ಅಂತ ಹಣೆಪಟ್ಟಿ ಹಚ್ಚುವುದು ತಾರತಮ್ಯ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲೇ ನಿಯಮದಲ್ಲಿ ಬರೆದಿದೆ. ಫಾರಂ ಬಂದಿದ್ದರೆ "ಬೇಕಾದವರು ಆಫೀಸಿನಿಂದ ತಗೊಳ್ಳಿ" ಅಂದರೆ ಆಯಿತಲ್ಲ.

"ದೂರು ಕೊಟ್ರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಟ್ ಮಾಡ್ತಾರೆ. ಕೊಡ್ಬೇಕಾ, ಬೇಡ್ವಾ?"

ಭಯಪಡಬೇಡಿ ಅಂತ ಸಲೀಸಾಗಿ ಹೇಳಲಾರೆ. ಮಾರ್ಕ್ಸು ಅವರ ಕೈಯಲ್ಲಿರುವುದು ಸತ್ಯ. ಹಾಗಾಗಿ ಮೊದಲು ದಾಖಲೆ ಮಾಡಿಕೊಳ್ಳಿ. ಯಾವ ದಿನ, ಯಾವ ರೂಮು, ಯಾರು ಏನಂದರು, ಯಾರಿದ್ದರು. ಅದೇ ದಿನ ಬರೆದಿಟ್ಟದ್ದಕ್ಕೆ ತೂಕ ಜಾಸ್ತಿ. ಅಲ್ಲಿತನಕ ಬಂದ ಇಂಟರ್ನಲ್ಸ್ ಅಂಕಗಳ ಫೋಟೋ ತೆಗೆದಿಡಿ.

2012ರ ಯುಜಿಸಿ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ತಡೆ ಅಧಿಕಾರಿ ಇರಬೇಕು. ದೂರನ್ನು 60 ದಿನದೊಳಗೆ ತೀರ್ಮಾನ ಮಾಡಬೇಕು. ದೂರು ಕೊಡುವಾಗ ಇನ್ನೊಂದು ಪ್ರತಿಗೆ ಸೀಲು, ತಾರೀಕು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಜಾಗ ಬಿಡಬೇಡಿ. ನಾನೇ ಮೇಲಕ್ಕೆ ಕಳಿಸಿದ ಒಂದು ದೂರು ನಾಲ್ಕು ತಿಂಗಳು ಎಲ್ಲೋ ಕೂತಿತ್ತು. ಕೇಳಿದಾಗಲೆಲ್ಲ "ಕಡತ ಮೇಲಿದೆ ಮೇಡಂ." ಎಷ್ಟು ಮೇಲೆ ಅಂತ ಯಾರಿಗೂ ಗೊತ್ತಿಲ್ಲ. ಇನ್‌ವರ್ಡ್ ನಂಬರ್ ಇದ್ದದ್ದಕ್ಕೇ ಅದು ಕೊನೆಗೆ ಸಿಕ್ಕಿದ್ದು. ದೂರಿನಲ್ಲೇ ಒಂದು ಸಾಲು ಸೇರಿಸಿ: ಇದು ಮುಗಿಯುವ ತನಕ ನನ್ನ ಮೌಲ್ಯಮಾಪನ ಬೇರೆಯವರು ಮಾಡಲಿ.

ಜಾತಿ ನಿಂದನೆ, ಹಲ್ಲೆ ಮಟ್ಟಕ್ಕೆ ಹೋದರೆ ಅದು ಕ್ಯಾಂಪಸ್ಸಿನ ವಿಷಯವಾಗಿ ಉಳಿಯುವುದಿಲ್ಲ. ಎಸ್‌ಸಿ, ಎಸ್‌ಟಿಯವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ, ಪೊಲೀಸರ ಬಳಿ ಹೋಗಬಹುದು. ಒಳಗೇ ಮುಗಿಸಿಕೊಳ್ಳಿ ಅಂತ ಬುದ್ಧಿ ಹೇಳುವವರು ಸಿಗುತ್ತಾರೆ. 2016ರಲ್ಲಿ ಹೈದರಾಬಾದಿನಲ್ಲಿ ಸಂಶೋಧಕ ರೋಹಿತ್ ವೇಮುಲ, 2019ರಲ್ಲಿ ಮುಂಬಯಿಯಲ್ಲಿ ಪಿಜಿ ಓದುತ್ತಿದ್ದ ಡಾ. ಪಾಯಲ್ ತಡ್ವಿ ಜಾತಿ ಕಿರುಕುಳದ ಆರೋಪಗಳ ನಡುವೆ ತೀರಿಕೊಂಡ ಮೇಲೆ ಅವರಿಬ್ಬರ ತಾಯಂದಿರು ಒಟ್ಟಿಗೆ ಸುಪ್ರೀಂ ಕೋರ್ಟಿಗೆ ಹೋದರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು, ಈ ನಿಯಮಗಳು ಕಾಗದದ ಮೇಲಷ್ಟೇ ಉಳಿಯಬಾರದು ಅಂತ.

"ಈಗ ಹುಡುಗೀರೇ ಜಾಸ್ತಿ ಓದ್ತಿದಾರೆ. ಇನ್ನೂ ಮಹಿಳಾ ಘಟಕ ಅದು ಇದು ಯಾಕೆ ಬೇಕು?"

ಓದುತ್ತಿದ್ದಾರೆ, ಸಂತೋಷ. 2021-22ರ ಅಖಿಲ ಭಾರತ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹೆಣ್ಣುಮಕ್ಕಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿತು. ಅದು ಸಣ್ಣ ವಿಷಯ ಅಲ್ಲ.

ಆದರೆ ಲೈಬ್ರರಿ ರಾತ್ರಿ ಹತ್ತರ ತನಕ ತೆರೆದಿದ್ದು ಲೇಡೀಸ್ ಹಾಸ್ಟೆಲ್ ಗೇಟು ಏಳಕ್ಕೇ ಮುಚ್ಚಿದರೆ? ಮೂರು ಗಂಟೆ ಓದುವ ಜಾಗ ಹುಡುಗರಿಗೆ ಮಾತ್ರ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ ದಿನ.

ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇದೆ. ಘಟನೆಯಾದ 3 ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ ಮುಗಿಯಬೇಕು. 2015ರ ಯುಜಿಸಿ ನಿಯಮದ ಪ್ರಕಾರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ವಿದ್ಯಾರ್ಥಿಗಳ ದೂರಾದರೆ ಸಮಿತಿಯಲ್ಲಿ ವಿದ್ಯಾರ್ಥಿಗಳೂ ಕೂರಬೇಕು. ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ 240 ದಿನದ ಹೆರಿಗೆ ಅಥವಾ ಮಗು ಆರೈಕೆ ರಜೆ, ಮುಗಿಸಲು ಎರಡು ವರ್ಷ ಹೆಚ್ಚುವರಿ ಸಮಯ ಇದೆ. ಗೈಡ್ ಹೇಳದಿದ್ದರೆ ನೀವೇ ಹೇಳಿ.

"ನನಗೆ ಕಣ್ಣು ಕಾಣಲ್ಲ. ಯೂನಿವರ್ಸಿಟಿ ನೋಟಿಸನ್ನ ಫೋನಲ್ಲಿ ಓದಿಸಿದ್ರೆ ಏನೇನೋ ಒದರುತ್ತೆ. ನನ್ನ ಫೋನ್ ಸರಿ ಇಲ್ವಾ?"

ಫೋನ್ ಸರಿ ಇದೆ. ನೋಟಿಸು ಸರಿ ಇಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಓದಿ ಹೇಳುವ ತಂತ್ರಾಂಶಕ್ಕೆ ಕಾಣುವುದು ಆ ಒಳಗಿನದ್ದು. ಇನ್ನು ಪ್ರಿಂಟು ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿದ ನೋಟಿಸು ಅದಕ್ಕೆ ಬರೀ ಚಿತ್ರ. ಒಂದಕ್ಷರವೂ ಸಿಗದು.

ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸಹಿಯ ಪ್ರತಿಯ ಜೊತೆ ಆ ಮೂಲ ಕಡತವನ್ನೂ ಹಾಕಿದರೆ ಕೆಲಸ ಮುಗಿಯಿತು. ನಮ್ಮಲ್ಲಿ ಇದಕ್ಕೆ ಒಂದೂವರೆ ವರ್ಷ ಹಿಡಿಯಿತು. ವಿರೋಧ ಯಾರದ್ದೂ ಇರಲಿಲ್ಲ. ಟೈಪ್ ಮಾಡುವವರ ಬೆರಳಿಗೆ ಹಳೇ ಅಭ್ಯಾಸ, ಅಷ್ಟೇ. ಒಂದು ದಿನ ನಮ್ಮ ವಿದ್ಯಾರ್ಥಿಯೊಬ್ಬ ಗುಮಾಸ್ತರ ಎದುರೇ ಅವರ ನೋಟಿಸನ್ನು ಫೋನಿನಿಂದ ಓದಿಸಿದ. ಫೋನು ಒಂದು ನಿಮಿಷ ಗೊಣಗಿತು. ಅವರಿಗೆ ನಗು ಬಂತು, ಆಮೇಲೆ ಮುಖ ಸಣ್ಣದಾಯಿತು. ಮುಂದಿನ ವಾರದಿಂದ ಯೂನಿಕೋಡ್.

ಉಳಿದದ್ದು ನೆನಪಿರಲಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಕೇಳಬಹುದು, ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೇಳಬಹುದು. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಎಷ್ಟೋ ಕಡೆ ಕಟ್ಟಿರುವುದು ಸ್ಕೂಟರ್ ಹತ್ತಿಸುವ ಇಳಿಜಾರು.

"ನಾನು ಟ್ರಾನ್ಸ್ ಮಹಿಳೆ. ಹಾಜರಿ ಕೂಗುವಾಗ ಹಳೇ ಹೆಸರೇ ಕೂಗ್ತಾರೆ. ಬದಲಾಯಿಸೋಕೆ ಆಗುತ್ತಾ?"

ಅಂಕಪಟ್ಟಿಯ ಹೆಸರು ಬದಲಾಗಲು ಜಿಲ್ಲಾಧಿಕಾರಿ ಕೊಡುವ ಗುರುತಿನ ಪತ್ರದಂಥ ದಾಖಲೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹಾಜರಿ ಕೂಗುವ ಹೆಸರಿಗೆ ಯಾವ ಪತ್ರವೂ ಬೇಡ. ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಿದರೆ ನಾಳೆಯಿಂದಲೇ ಆಗುತ್ತದೆ. ಅಂದ ಹಾಗೆ, ಸರ್ಕಾರಿ ನೌಕರಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ. 1 ಮೀಸಲನ್ನು 2021ರಲ್ಲಿ ದೇಶದಲ್ಲೇ ಮೊದಲು ತಂದದ್ದು ಕರ್ನಾಟಕ. ಡಿಗ್ರಿ ಮುಗಿಸಿ.

## ಮೇಷ್ಟ್ರು, ಸಂಶೋಧಕರು, ಆಡಳಿತದವರು ಕೇಳಿದ್ದು

"ಪಿಎಚ್‌ಡಿ ಸೀಟು ಇದೆ ಅಂತಾರೆ, ಗೈಡ್ ಮಾತ್ರ ಸಿಗಲ್ಲ. ಇದೇನು ಆಟ?"

ಪ್ರೊಫೆಸರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಜನ ಸಂಶೋಧಕರು. ಯಾರ ಬಳಿ ಎಷ್ಟು ಖಾಲಿ ಅನ್ನುವುದು ಗುಟ್ಟಾಗಿದ್ದರೆ ಸೀಟು ಪರಿಚಯದವರಿಗೆ ಹೋಗುತ್ತದೆ. ಅಪ್ಪನೋ ಅಕ್ಕನೋ ವಿಶ್ವವಿದ್ಯಾಲಯ ನೋಡಿದ ಮನೆಯವರಿಗೆ ಯಾರನ್ನು ಯಾವಾಗ ಕಾಣಬೇಕು ಅಂತ ಗೊತ್ತಿರುತ್ತದೆ. ಮೊದಲ ಸಲ ಗೇಟು ದಾಟಿದವರು ಕಾರಿಡಾರಿನಲ್ಲಿ ಕಾಯುತ್ತಾರೆ. ಖಾಲಿ ಜಾಗದ ಪಟ್ಟಿಯನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಿ, ಹಂಚಿಕೆಯನ್ನು ಸಮಿತಿಯಲ್ಲಿ ಮಾಡಿ ಅಂತ ಲಿಖಿತವಾಗಿ ಕೇಳಿ.

"ರೋಸ್ಟರ್ ವಿಭಾಗಕ್ಕೋ, ಇಡೀ ವಿಶ್ವವಿದ್ಯಾಲಯಕ್ಕೋ? ಅಷ್ಟು ದೊಡ್ಡ ಜಗಳ ಯಾಕಾಯ್ತು?"

ರೋಸ್ಟರ್ ಅಂದರೆ ಎಷ್ಟನೇ ಹುದ್ದೆ ಯಾವ ವರ್ಗಕ್ಕೆ ಅಂತ ಹೇಳುವ ಕೋಷ್ಟಕ. ಕೇಂದ್ರೀಯ ವಿಶ್ವವಿದ್ಯಾಲಯಗಳದ್ದನ್ನೇ ನೋಡಿ. ಒಬಿಸಿಗೆ 4ನೇ ಹುದ್ದೆ, ಎಸ್‌ಸಿಗೆ 7ನೆಯದು, ಎಸ್‌ಟಿಗೆ 14ನೆಯದು. ಸಣ್ಣ ವಿಭಾಗದಲ್ಲಿ ಇರುವುದೇ ಐದು ಹುದ್ದೆ ಅಂದುಕೊಳ್ಳಿ. ವಿಭಾಗವನ್ನೇ ಒಂದು ಘಟಕ ಅಂತ ಹಿಡಿದರೆ ಎಸ್‌ಸಿ ಸರದಿ ಬರುವುದಕ್ಕೆ ಹುದ್ದೆಗಳು ಖಾಲಿಯಾಗಿ, ತುಂಬಿ, ಮತ್ತೆ ಖಾಲಿಯಾಗಬೇಕು. ಎಸ್‌ಟಿ ಅಂತೂ ಮೊಮ್ಮಕ್ಕಳ ಕಾಲಕ್ಕೆ. ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕ ಮಾಡಿ ಹುದ್ದೆಗಳನ್ನು ಒಟ್ಟಿಗೆ ಎಣಿಸಿದರೆ ಪಾಲು ಬರುತ್ತದೆ.

2017ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಭಾಗವೇ ಘಟಕ ಅಂದಿತು. 2018ರಲ್ಲಿ ಯುಜಿಸಿ ಹಾಗೇ ಆದೇಶ ಹೊರಡಿಸಿತು. ದೇಶದ ತುಂಬ ಗಲಾಟೆಯಾಗಿ 2019ರಲ್ಲಿ ಸಂಸತ್ತು ಕಾಯ್ದೆ ಮಾಡಿ ಕೇಂದ್ರೀಯ ಸಂಸ್ಥೆಗಳಲ್ಲಿ ಇಡೀ ವಿಶ್ವವಿದ್ಯಾಲಯವನ್ನೇ ಘಟಕ ಮಾಡಿತು. ನೋಡಿ, ಒಂದು ಕೋಷ್ಟಕವನ್ನು ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ ಸಾವಿರಾರು ಜನರ ನೌಕರಿ ನಿಂತಿತ್ತು.

"ಮನಸ್ಸು ಬಿಚ್ಚಿ ಹೇಳಿ ಮೇಡಂ, ಮೆರಿಟ್ ಹಾಳಾಗಲ್ವಾ?"

ಒಳಗೆ ಬರುವ ಅಂಕ ಬೇರೆ ಬೇರೆ ಇರಬಹುದು. ಹೊರಗೆ ಹೋಗುವ ಅಂಕ ಎಲ್ಲರಿಗೂ ಒಂದೇ. ಪಾಸಾಗಲು ಎಸ್‌ಸಿ ಹುಡುಗನಿಗೆ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಎರಡು ವರ್ಷ ಟ್ಯೂಶನ್ನಿಗೆ ಹೋಗಿ 90 ತಂದವಳು, ಬೆಳಗ್ಗೆ ಹಾಲು ಕರೆದು ಬಸ್ ಹಿಡಿದು 78 ತಂದವಳು, ಇವರಿಬ್ಬರಲ್ಲಿ ಯಾರಿಗೆ ಯೋಗ್ಯತೆ ಜಾಸ್ತಿ ಅಂತ ನನಗೆ ಆ ಅಂಕದಿಂದ ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗುತ್ತದಾ?

"ಎಸ್‌ಸಿ ಸೀಟೆಲ್ಲ ಭರ್ತಿ ಆಗಿದೆ. ಇನ್ನೂ ಏನು ಲೆಕ್ಕ ಕೇಳ್ತೀರಿ?"

ಕರ್ನಾಟಕದ ಎಸ್‌ಸಿ ಪಟ್ಟಿಯಲ್ಲಿ 101 ಜಾತಿಗಳಿವೆ. ರಾಶಿ ಲೆಕ್ಕದಲ್ಲಿ ಸೀಟು ತುಂಬಿರುತ್ತದೆ, ಅದರೊಳಗೆ ಯಾರು ಒಬ್ಬರೂ ಬಂದಿಲ್ಲ ಅನ್ನುವುದು ಕಾಣುವುದಿಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ಒಪ್ಪಿತು. 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ನ್ನು 6, 6, 5 ಅಂತ ಮೂರು ಪಾಲು ಮಾಡಿತು. 59 ಅಲೆಮಾರಿ ಸಮುದಾಯಗಳು ತಮ್ಮನ್ನು ಬಲಾಢ್ಯರ ಜೊತೆ ಸೇರಿಸಿದರು ಅಂತ ಧರಣಿ ಕೂತವು. ಎಸ್‌ಟಿ ಒಳಗೂ ಹೀಗೇ. ಜೇನುಕುರುಬರ, ಕೊರಗರ ಮಕ್ಕಳು ನಿಮ್ಮ ಕ್ಯಾಂಪಸ್ಸಿನಲ್ಲಿ ಎಷ್ಟಿದ್ದಾರೆ? ಈ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರ ಇರಬೇಕು. ಸೇರಿದವರ ಲೆಕ್ಕದ ಪಕ್ಕದಲ್ಲೇ ಅರ್ಧಕ್ಕೆ ಬಿಟ್ಟವರ ಲೆಕ್ಕವೂ ಇರಬೇಕು.

"ನಿಮ್ಮ ಘಟಕ ಯಾವ ಬಿಲ್ಡಿಂಗಲ್ಲಿದೆ?"

ಎಲ್ಲಕ್ಕಿಂತ ಜಾಸ್ತಿ ಜನ ಕೇಳಿದ್ದು ಇದನ್ನೇ. ಹೇಳಲು ನಾಚಿಕೆಯಾಗುತ್ತಿತ್ತು. ಮೊದಲು ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಎಂ.ಎ. ಹುಡುಗಿ ಕೆಳಗಿನಿಂದ ಫೋನು ಮಾಡುತ್ತಿದ್ದಳು. ನಾನು ರಿಜಿಸ್ಟರು, ಸೀಲು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಇಳಿಯುತ್ತಿದ್ದೆ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅರ್ಜಿ ಬರೆಸಿಕೊಳ್ಳುತ್ತಿದ್ದೆ. ಎರಡು ಸಲ ಪತ್ರ ಬರೆದ ಮೇಲೆ ನೆಲಮಹಡಿಯಲ್ಲಿ ಫೀಸು ಕಟ್ಟುವ ಕೌಂಟರಿನ ಪಕ್ಕ ಒಂದು ರೂಮು ಕೊಟ್ಟರು. ಮೊದಲು ಅಲ್ಲಿ ಹಳೇ ಉತ್ತರಪತ್ರಿಕೆಗಳ ಮೂಟೆ ಇತ್ತು. ಘಟಕ ಈಗಲೂ ಅಲ್ಲೇ ಇದೆ. ಬೆಳಗ್ಗೆ 10ರಿಂದ ಸಂಜೆ 5.30, ಮಧ್ಯಾಹ್ನ ಊಟದ ಹೊತ್ತಲ್ಲೂ ಒಬ್ಬರು ಇರುತ್ತಾರೆ.